573201: ಆರು ಅಂಕಿ, ಒಂದು ಕೆಟ್ಟ ಫಿಲ್ಟರ್

ಇವತ್ತಿನ ಕಥೆ ಪಿನ್‌ಕೋಡ್‌ನದ್ದು. ಜೊತೆಗೆ ನಾನು ಮಾಡಿದ ಒಂದು ತಪ್ಪಿನದ್ದು.

ಬಿ.ಕಾಂ ಮುಗಿಸಿ ಹಾಸನದಲ್ಲಿ ಒಬ್ಬ ಟ್ಯಾಕ್ಸ್ ಕನ್ಸಲ್ಟೆಂಟ್ ಹತ್ರ ಕೆಲಸಕ್ಕಿದ್ದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ವ್ಯಾಪಾರಿಗಳು ಬಿಲ್‌ಗಳನ್ನ ಇಮೇಲ್ ಮಾಡೋರು. ಕಂಪ್ಯೂಟರ್‌ನ ಮೇಲ್ ಪ್ರೋಗ್ರಾಂನಲ್ಲಿ ಊರಿಗೊಂದು ಫೋಲ್ಡರ್, ಫೋಲ್ಡರಿಗೊಂದು ಫಿಲ್ಟರ್ ರೂಲ್ ಮಾಡಿಟ್ಟಿದ್ದೆ. ಒಂದು ಸಂಜೆ ರೂಲ್ ಬದಲಾಯಿಸ್ತಿರುವಾಗಲೇ ಕರೆಂಟ್ ಹೋಯ್ತು. ಯುಪಿಎಸ್ ಬ್ಯಾಟರಿ ಕೆಟ್ಟು ತಿಂಗಳಾಗಿತ್ತು. ಮರುದಿನ ಎಲ್ಲ ಸರಿ ಇದ್ದಂಗೇ ಕಾಣ್ತು.

20ನೇ ತಾರೀಖು ಜಿಎಸ್‌ಟಿಆರ್-3ಬಿ ಕೊನೇ ದಿನ. ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿಯೊಬ್ಬರಿಗೆ ಫೋನ್ ಮಾಡಿ "ಬಿಲ್ ಬಂದಿಲ್ಲ ಅಣ್ಣ" ಅಂದೆ. "ಕಳ್ಸಿದೀನಲ್ಲಪ್ಪ, ಸರಿಯಾಗಿ ನೋಡು" ಅಂದ್ರು. ಇನ್ನೊಂದ್ಸಲ ಕಳ್ಸಿದ್ರು, ಅದೂ ಕಾಣಲಿಲ್ಲ. ಸುಳ್ಳು ಹೇಳ್ತಿದ್ದಾರೆ ಅಂದ್ಕೊಂಡೆ. ಆರು ದಿನ ತಡ ಆಯ್ತು. ದಿನಕ್ಕೆ 50ರಂತೆ 300 ರೂಪಾಯಿ ಲೇಟ್ ಫೀ.

ಪತ್ರ ವಿಂಗಡಿಸೋ ತಲೆನೋವು ಇಮೇಲ್‌ಗಿಂತ ತುಂಬಾ ಹಳೇದು. ರೈಲ್ವೆ ಮೇಲ್ ಸರ್ವಿಸ್ ನೌಕರರು ಓಡೋ ರೈಲಲ್ಲೇ ರಾತ್ರಿಯೆಲ್ಲ ಗೂಡುಗೂಡಿನ ಕಪಾಟಿನ ಮುಂದೆ ನಿಂತು ಪತ್ರ ಹಂಚುತ್ತಿದ್ರು. ರೂಲ್ ಎಲ್ಲ ಅವರ ತಲೆಯಲ್ಲೇ. ಆದ್ರೆ ನಮ್ಮಲ್ಲಿ ಒಂದೇ ಹೆಸರಿನ ಊರುಗಳು ಎಷ್ಟಿಲ್ಲ? ಚನ್ನರಾಯಪಟ್ಟಣ ಹಾಸನ ಜಿಲ್ಲೆಯಲ್ಲೂ ಇದೆ, ದೇವನಹಳ್ಳಿ ತಾಲೂಕಲ್ಲೂ ಇದೆ. ಮೇಲಿಂದ ಹತ್ತಾರು ಲಿಪಿ, ನೂರಾರು ಥರದ ಕೈಬರಹ.

ಅದಕ್ಕೇ 1972ರ ಆಗಸ್ಟ್ 15ರಂದು ಪಿನ್‌ಕೋಡ್ ಬಂತು. ಇದರ ಹಿಂದಿದ್ದವರು ಶ್ರೀರಾಮ್ ಭಿಕಾಜಿ ವೆಲಣಕರ್, ಕೇಂದ್ರ ಸರ್ಕಾರದ ಅಧಿಕಾರಿ, ಸಂಸ್ಕೃತ ಕವಿಯೂ ಹೌದು. ಮೊದಲ ಮೂರು ಅಂಕಿ, ಅಂದ್ರೆ 573, ವಿಂಗಡಣಾ ಜಿಲ್ಲೆ. ಕೊನೆಯ ಮೂರು, ಅಂಚೆ ಕಚೇರಿ. ಅರಕಲಗೂಡು 573102, ಚನ್ನರಾಯಪಟ್ಟಣ 573116. ಹಾಸನ 573201, ಹೊಳೆನರಸೀಪುರ 573211. ಕೊನೆಯ ಎರಡು ನೋಡಿ, ವ್ಯತ್ಯಾಸ ಒಂದೇ ಅಂಕಿ!

ಸರಿಯಾಗಿ 23 ವರ್ಷ ಬಿಟ್ಟು, 1995ರ ಆಗಸ್ಟ್ 15ಕ್ಕೆ, ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಡ್ತು. ಅಷ್ಟರಲ್ಲಾಗ್ಲೇ ಹೊರದೇಶಗಳಲ್ಲಿ ಇಮೇಲ್ ವಿಂಗಡಿಸೋಕೆ ಪ್ರೊಕ್‌ಮೇಲ್ ಅನ್ನೋ ಪ್ರೋಗ್ರಾಂ ಇತ್ತು, 1990ರದ್ದು. 2004ರಲ್ಲಿ ಥಂಡರ್‌ಬರ್ಡ್‌ನ ಮೊದಲ ಪೂರ್ಣ ಆವೃತ್ತಿ ಬಂತು. ರೂಲ್‌ಗಳು ನೌಕರನ ತಲೆಯಿಂದ ಒಂದು ಫೈಲ್‌ಗೆ ಇಳಿದಿದ್ವು.

ವ್ಯತ್ಯಾಸ ಇರೋದು ಇಲ್ಲೇ. ಹಾಸನದ ಪತ್ರಕ್ಕೆ ಒಂದಂಕಿ ತಪ್ಪಿ ಅದು ಹೊಳೆನರಸೀಪುರಕ್ಕೆ ಹೋದ್ರೆ, ಅಲ್ಲಿನವರು ಉಳಿದ ವಿಳಾಸ ಓದಿ ವಾಪಸ್ ಕಳಿಸ್ತಾರೆ. ಫಿಲ್ಟರ್ ಹಾಗಲ್ಲ. ಬರೆದಿದ್ದನ್ನ ಮಾಡುತ್ತೆ, ಅನುಮಾನ ಪಡಲ್ಲ.

ಕೊನೆಗೆ ರೂಲ್ ಫೈಲ್ ನೋಟ್‌ಪ್ಯಾಡ್‌ನಲ್ಲಿ ತೆರೆದೆ. ನಡುವೆ ಕೆಲವು ಸಾಲು ಮಾಯ. ಜಾಹೀರಾತನ್ನ ಕಸಕ್ಕೆ ಕಳಿಸೋ ರೂಲ್‌ನ ಕೆಳಗೆ ಚನ್ನರಾಯಪಟ್ಟಣದ ಷರತ್ತು ಅಂಟ್ಕೊಂಡಿತ್ತು. ಆ ಅಣ್ಣನ ಎರಡೂ ಮೇಲ್ ಜಂಕ್ ಫೋಲ್ಡರ್‌ನಲ್ಲಿ ಭದ್ರವಾಗಿದ್ವು.

ನಿಮಗೂ ಹೀಗಾದ್ರೆ ಮೊದಲು ಜಂಕ್, ಟ್ರ್ಯಾಶ್ ಹುಡುಕಿ. ಥಂಡರ್‌ಬರ್ಡ್ ಆದ್ರೆ ಅದನ್ನ ಪೂರ್ತಿ ಮುಚ್ಚಿ, ಪ್ರೊಫೈಲ್ ಫೋಲ್ಡರ್‌ನಲ್ಲಿ ನಿಮ್ಮ ಅಕೌಂಟ್ ಒಳಗಿರೋ 'ಎಂಎಸ್‌ಜಿ-ಫಿಲ್ಟರ್-ರೂಲ್ಸ್ ಡಾಟ್ ಡ್ಯಾಟ್' ಫೈಲ್‌ನ ಹೆಸರು ಬದಲಿಸಿ. ಅಳಿಸಬೇಡಿ, ಹಳೇ ರೂಲ್ ಓದೋಕೆ ಬೇಕಾಗುತ್ತೆ. ಆಮೇಲೆ ತೆರೆದು ಒಂದೊಂದೇ ರೂಲ್ ಹೊಸದಾಗಿ ಮಾಡಿ, 'ರನ್ ನೌ' ಒತ್ತಿ ಪರೀಕ್ಷಿಸಿ. ರೂಲ್‌ಗಳು ಮೇಲಿಂದ ಕೆಳಕ್ಕೆ ಓಡುತ್ತವೆ, ಕ್ರಮ ನೋಡ್ಕೊಳ್ಳಿ. ಎಲ್ಲ ಸರಿಯಾದ ಮೇಲೆ ಆ ಫೈಲ್‌ನ ಒಂದು ಕಾಪಿ ಪೆನ್‌ಡ್ರೈವ್‌ನಲ್ಲಿಡಿ.

ಲೇಟ್ ಫೀ ನಾನೇ ಕಟ್ಟಿದೆ. ಅದು ಕಷ್ಟ ಆಗಲಿಲ್ಲ. ಕಷ್ಟ ಆಗಿದ್ದು ಫೋನ್ ಮಾಡಿ, "ಅಣ್ಣ, ನೀವು ಕಳ್ಸಿದ್ರಿ, ನಾನೇ ನೋಡಿರಲಿಲ್ಲ" ಅನ್ನೋದು.

ಮುಂದಿನ ಸಂಚಿಕೆಯಲ್ಲಿ ಸಿಗೋಣ.