ಜಾಗ ಒಂದೇ, ಕಾಯುವವರು ಹಲವರು: ಬುಫಾನ್ ಆರಂಭದ ದಿನಗಳು



ಫುಟ್‌ಬಾಲ್‌ನಲ್ಲಿ ಒಬ್ಬ ಒಳ್ಳೆ ಹುಡುಗ ಸಿಕ್ಕಿದ ಅಂತಿಟ್ಕೊಳ್ಳಿ. ಕೋಚ್ ಅವನನ್ನ ಕೊನೆಯ ಹದಿನೈದು ನಿಮಿಷ ಇಳಿಸಿ ನೋಡಬಹುದು. ಎಡಗಡೆ ಆಗದಿದ್ರೆ ಬಲಗಡೆ ಆಡಿಸಬಹುದು. ಗೋಲ್‌ಕೀಪರ್‌ಗೆ ಮಾತ್ರ ಆ ಭಾಗ್ಯ ಇಲ್ಲ. ಅಲ್ಲಿ ಜಾಗ ಒಂದೇ. ನಿಂತವನು ಎಡವಿದರೆ, ಇಲ್ಲವೇ ಗಾಯಗೊಂಡರೆ, ಆಗ ಬೆಂಚಿನಲ್ಲಿ ಕೂತವನ ಸರದಿ. ಇವತ್ತಿನ ಕಥೆ ಅಂಥ ಸರದಿಗಳದ್ದೇ. ಇಟಲಿಯ ಜಿಯಾನ್‌ಲುಯಿಜಿ ಬುಫಾನ್ ಅವರ ಆರಂಭದ ವರ್ಷಗಳು.

ಬುಫಾನ್ ಹುಟ್ಟಿದ್ದು 1978ರ ಜನವರಿ 28ರಂದು, ಅಮೃತಶಿಲೆಗೆ ಹೆಸರಾದ ಕರಾರಾ ಊರಿನಲ್ಲಿ. ಮನೆತುಂಬ ಕ್ರೀಡಾಪಟುಗಳು. ಅಮ್ಮ ಡಿಸ್ಕಸ್ ಎಸೆಯುತ್ತಿದ್ದವರು, ಇಬ್ಬರು ಅಕ್ಕಂದಿರು ವಾಲಿಬಾಲ್ ಆಟಗಾರ್ತಿಯರು. ಹುಡುಗ ಮೊದಲು ಆಡ್ತಾ ಇದ್ದದ್ದು ಮಿಡ್‌ಫೀಲ್ಡ್‌ನಲ್ಲಿ, ಗೋಲ್‌ಪೆಟ್ಟಿಗೆ ಮುಂದೆ ಅಲ್ಲ.

1990ರಲ್ಲಿ ವಿಶ್ವಕಪ್ ಇಟಲಿಗೇ ಬಂತು. ಜೂನ್ 8ರಂದು ಮಿಲಾನ್‌ನಲ್ಲಿ ಮೊದಲ ಪಂದ್ಯ. ಮರಡೋನಾ ಅವರ ಅರ್ಜೆಂಟೀನಾ ಹಾಲಿ ಚಾಂಪಿಯನ್, ಎದುರಿಗೆ ಕ್ಯಾಮರೂನ್. ಇಬ್ಬರು ಆಟಗಾರರು ಕೆಂಪು ಕಾರ್ಡ್ ಪಡೆದು ಹೊರಹೋದರೂ ಕ್ಯಾಮರೂನ್ 1–0ಯಿಂದ ಗೆದ್ದುಬಿಟ್ಟಿತು! ಗೋಲು ಕಾಯ್ತಾ ಇದ್ದವರು ಥಾಮಸ್ ಎನ್‌ಕೊನೊ. ಆ ವಿಶ್ವಕಪ್‌ನಲ್ಲಿ ಅವರ ಆಟ ನೋಡಿದ ಹನ್ನೆರಡು ವರ್ಷದ ಬುಫಾನ್‌ಗೆ ಗೋಲ್‌ಕೀಪರ್ ಆಗಬೇಕು ಅನ್ನೋ ಆಸೆ ಹುಟ್ಟಿತು. ಮರುವರ್ಷ ಪಾರ್ಮಾ ಕ್ಲಬ್‌ನ ಯುವ ತಂಡ ಸೇರಿದ.

ಪಾರ್ಮಾ ಆಗ ಸಣ್ಣಪುಟ್ಟ ಕ್ಲಬ್ ಅಲ್ಲ. 1995ರಲ್ಲಿ ಯುಇಎಫ್‌ಎ ಕಪ್ ಗೆದ್ದ ತಂಡ. ಅದರ ಗೋಲ್‌ಕೀಪರ್ ಲುಕಾ ಬುಚ್ಚಿ 1994ರ ವಿಶ್ವಕಪ್‌ಗೆ ಇಟಲಿ ತಂಡದಲ್ಲಿ ಹೋಗಿಬಂದವರು. ಹದಿನೇಳರ ಹುಡುಗನಿಗೆ ಅಲ್ಲಿ ಜಾಗ ಎಲ್ಲಿಂದ ಬರಬೇಕು?

ಬಂತು. ಬುಚ್ಚಿ ಗಾಯಗೊಂಡರು. 1995ರ ನವೆಂಬರ್ 19, ಎದುರಿಗೆ ಎಸಿ ಮಿಲಾನ್. ಕೋಚ್ ನೆವಿಯೊ ಸ್ಕಾಲಾ ಅನುಭವಿಯೊಬ್ಬನನ್ನ ನಿಲ್ಲಿಸಿ ಸುಮ್ಮನಾಗಬಹುದಿತ್ತು. ಸೋತರೂ ಯಾರೂ ಅವರನ್ನ ಬಯ್ತಾ ಇರಲಿಲ್ಲ. ಆದರೆ ಅವರು ಹುಡುಗನನ್ನೇ ಇಳಿಸಿದರು. ಮಿಲಾನ್ ಮುಂಪಡೆಯಲ್ಲಿ ಯಾರಿದ್ದರು ಗೊತ್ತಾ? 1993ರ ಬ್ಯಾಲನ್ ಡಿ’ಓರ್ ವಿಜೇತ ರಾಬರ್ಟೊ ಬ್ಯಾಜಿಯೊ, ಮತ್ತು ಮುಂದಿನ ತಿಂಗಳೇ ಅದೇ ಪ್ರಶಸ್ತಿ ಪಡೆಯಲಿದ್ದ ಜಾರ್ಜ್ ವೇಯಾ. ಇಬ್ಬರನ್ನೂ ಹುಡುಗ ತಡೆದ. ಪಂದ್ಯ 0–0. ಆ ಋತುವಿನ ಕೊನೆಗೆ ಲೀಗ್ ಗೆದ್ದದ್ದು ಅದೇ ಮಿಲಾನ್ ಅನ್ನೋದು ನೆನಪಿರಲಿ.

ಒಂದು ಪಂದ್ಯದಿಂದ ಎಲ್ಲವೂ ಬದಲಾಗಲಿಲ್ಲ. ಆ ಋತುವಿನಲ್ಲಿ ಲೀಗ್‌ನಲ್ಲಿ ಆಡಿದ್ದು ಒಂಬತ್ತೇ ಪಂದ್ಯ. ಆದರೆ ಮುಂದಿನ ಋತುವಿನಲ್ಲಿ ಕಾರ್ಲೊ ಆಂಚೆಲೊಟ್ಟಿ ಕೋಚ್ ಆಗಿ ಬಂದಾಗ ಬುಚ್ಚಿಯ ಜಾಗ ಬುಫಾನ್‌ಗೆ ಹೋಯಿತು. ಪಾರ್ಮಾ ಲೀಗ್‌ನಲ್ಲಿ ಎರಡನೇ ಸ್ಥಾನ ಪಡೆಯಿತು, ಚಾಂಪಿಯನ್ ಯುವೆಂಟಸ್‌ಗಿಂತ ಎರಡೇ ಪಾಯಿಂಟ್ ಹಿಂದೆ.

ರಾಷ್ಟ್ರೀಯ ತಂಡದ ಬಾಗಿಲೂ ಹಾಗೇ ತೆರೆಯಿತು. 1997ರ ಅಕ್ಟೋಬರ್ 29, ಹಿಮ ಬೀಳ್ತಾ ಇದ್ದ ಮಾಸ್ಕೊ. ವಿಶ್ವಕಪ್ ಅರ್ಹತೆಗಾಗಿ ರಷ್ಯಾ ಜತೆ ಪ್ಲೇಆಫ್. ಮೊದಲಾರ್ಧದಲ್ಲೇ ಜಿಯಾನ್‌ಲುಕಾ ಪಾಲ್ಯೂಕಾ ಗಾಯಗೊಂಡು ಹೊರನಡೆದರು. ಹತ್ತೊಂಬತ್ತರ ಬುಫಾನ್ ಒಳಗೆ ಹೋದ. ಪಂದ್ಯ 1–1ರಲ್ಲಿ ಮುಗಿಯಿತು. ಅವನನ್ನ ದಾಟಿದ ಒಂದೇ ಗೋಲು ಸ್ವಂತ ತಂಡದ ಕನ್ನವಾರೊ ಕಾಲಿನಿಂದ ಬಂದದ್ದು. 1999ರಲ್ಲಿ ಅದೇ ಮಾಸ್ಕೊದಲ್ಲಿ ಪಾರ್ಮಾ ಮಾರ್ಸೆಯನ್ನ 3–0ಯಿಂದ ಸೋಲಿಸಿ ಯುಇಎಫ್‌ಎ ಕಪ್ ಗೆದ್ದಾಗ ಗೋಲ್‌ಪೆಟ್ಟಿಗೆ ಮುಂದೆ ಇದ್ದವನು ಇವನೇ.

ಇಲ್ಲಿಯವರೆಗೆ ಅದೃಷ್ಟ ಇವನ ಕಡೆ. ಆಮೇಲೆ ಚಕ್ರ ತಿರುಗಿತು. 2000ದ ಯೂರೊ ಟೂರ್ನಿಗೆ ಬುಫಾನ್ ಇಟಲಿಯ ಮೊದಲ ಆಯ್ಕೆ. ಟೂರ್ನಿಗೆ ಇನ್ನು ಕೆಲವೇ ದಿನ, ನಾರ್ವೆ ವಿರುದ್ಧ ಸೌಹಾರ್ದ ಪಂದ್ಯ. ಕೈಮೂಳೆ ಮುರಿಯಿತು. ಜಾಗ ಫ್ರಾನ್ಸೆಸ್ಕೊ ಟೋಲ್ಡೊ ಪಾಲಾಯಿತು. ಆಮ್‌ಸ್ಟರ್‌ಡ್ಯಾಮ್‌ನ ಸೆಮಿಫೈನಲ್‌ನಲ್ಲಿ ಹತ್ತೇ ಜನ ಉಳಿದಿದ್ದ ಇಟಲಿಯನ್ನ ಟೋಲ್ಡೊ ಕಾಪಾಡಿದರು. ಆಟದ ನಡುವೆ ಒಂದು ಪೆನಾಲ್ಟಿ ತಡೆದರು, ಶೂಟೌಟ್‌ನಲ್ಲಿ ಇನ್ನೆರಡು. ಹಿಂದೆ ಬುಚ್ಚಿ, ಪಾಲ್ಯೂಕಾ ಅನುಭವಿಸಿದ್ದು ಏನು ಅನ್ನೋದು ಆಗ ಬುಫಾನ್‌ಗೂ ತಿಳಿದಿರಬೇಕು.

ಮುಂದಿನದು ನಿಮಗೆ ಗೊತ್ತಿರುವ ಚರಿತ್ರೆ. 2001ರಲ್ಲಿ ಯುವೆಂಟಸ್ 5 ಕೋಟಿ ಯೂರೊಗೂ ಹೆಚ್ಚು ಕೊಟ್ಟು ಕರೆದುಕೊಂಡಿತು. 2006ರಲ್ಲಿ ವಿಶ್ವಕಪ್. ಇಡೀ ಟೂರ್ನಿಯಲ್ಲಿ ಬಿಟ್ಟದ್ದು ಎರಡೇ ಗೋಲು: ಒಂದು ತಮ್ಮವರದೇ, ಇನ್ನೊಂದು ಜಿಡಾನ್ ಹೊಡೆದ ಪೆನಾಲ್ಟಿ. 2023ರಲ್ಲಿ, 45ನೇ ವಯಸ್ಸಿನಲ್ಲಿ ನಿವೃತ್ತರಾದಾಗ ಅವರು ಮತ್ತೆ ಪಾರ್ಮಾದಲ್ಲೇ ಇದ್ದರು.

ಬೇರೆಯವರ ಗಾಯದಿಂದ ಅವಕಾಶ ಸಿಗೋದು ಅದೃಷ್ಟ, ನಿಜ. ಆದರೆ ಅವತ್ತು ಬ್ಯಾಜಿಯೊ ಹೊಡೆದ ಚೆಂಡನ್ನ ಅದೃಷ್ಟ ಬಂದು ಹಿಡಿಯೋದಿಲ್ಲ. ಅದನ್ನ ಹಿಡಿಯೋಕೆ ಹುಡುಗ ಮೊದಲೇ ತಯಾರಾಗಿರಬೇಕು. ಅವನನ್ನ ನಂಬಿ ಕಳಿಸೋ ಒಬ್ಬ ಸ್ಕಾಲಾ ಕೂಡ ಬೇಕು. ಅಂದಹಾಗೆ, ಬುಫಾನ್ ತಮ್ಮ ಮೊದಲ ಮಗನಿಗೆ ಇಟ್ಟ ಹೆಸರು ಲೂಯಿ ಥಾಮಸ್. ಆ ಥಾಮಸ್, ಎನ್‌ಕೊನೊ ನೆನಪಿಗೆ.