ಬಾಯ್ಲರಿನ ಕೆಸರು ಹೊರದಬ್ಬುವ ವಾಲ್ವ್

ಉಗಿಬಂಡಿಯ ಫೈರ್‌ಬಾಕ್ಸಿನ ತಳದಲ್ಲಿ, ಚಕ್ರಗಳ ಮರೆಯಲ್ಲಿರುವ ಬ್ಲೋ-ಡೌನ್ ವಾಲ್ವ್ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಆದರೆ ಬಾಯ್ಲರಿನ ಆಯುಸ್ಸು ಬಹುಮಟ್ಟಿಗೆ ಇದನ್ನೇ ನಂಬಿಕೊಂಡಿತ್ತು.

ನೀರು ಕುದಿದು ಉಗಿಯಾಗಿ ಹೋಗುತ್ತದೆ. ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಾಯ್ಲರಿನಲ್ಲೇ ಉಳಿಯುತ್ತವೆ. ಬಾವಿಗಳ ಗಡಸು ನೀರು ಕುಡಿದ ಎಂಜಿನ್ನುಗಳಿಗಂತೂ ಈ ಕಾಟ ಹೆಚ್ಚು. ಒಂದಿಷ್ಟು ಲವಣ ಕೊಳವೆಗಳ ಮೇಲೆ ಕಲ್ಲಿನಂತೆ ಗಟ್ಟಿಯಾಗಿ ಕೂರುತ್ತದೆ. ಉಳಿದದ್ದು ಕೆಸರಾಗಿ, ಫೈರ್‌ಬಾಕ್ಸಿನ ಸುತ್ತ ನೀರು ನಿಲ್ಲುವ ಕಿರಿದಾದ ಸಂದಿಯ ತಳಕ್ಕೆ ಇಳಿಯುತ್ತದೆ. ಕೆಸರು ದಪ್ಪವಾದರೆ ತಗಡಿಗೆ ನೀರು ತಾಗುವುದಿಲ್ಲ. ತಗಡು ಅತಿಯಾಗಿ ಕಾದು ಉಬ್ಬುತ್ತದೆ, ಬಿರುಕು ಬಿಡುತ್ತದೆ. ಲವಣ ಹೆಚ್ಚಿದ ನೀರು ನೊರೆಯೆದ್ದು ಉಗಿಯೊಂದಿಗೆ ಸಿಲಿಂಡರಿಗೂ ನುಗ್ಗಬಹುದು.

ವಾಲ್ವನ್ನು ಕೆಲವು ಸೆಕೆಂಡು ತೆರೆದರೆ ಸಾಕು, ಒಳಗಿನ ಒತ್ತಡವೇ ಕೆಸರನ್ನು ಹೊರಗೆಸೆಯುತ್ತದೆ. 1949ರಿಂದ 1970ರವರೆಗೆ ತಯಾರಾದ ಮೀಟರ್‌ಗೇಜಿನ ವೈಪಿ ಎಂಜಿನ್ನುಗಳಲ್ಲಿ ಆ ಒತ್ತಡ ಚದರ ಅಂಗುಲಕ್ಕೆ 210 ಪೌಂಡ್. ನೀರಿನ ಬಿಸಿ ಸುಮಾರು 200 ಡಿಗ್ರಿ ಸೆಲ್ಸಿಯಸ್. ಹೊರಬಂದ ಕ್ಷಣದಲ್ಲೇ ಅದರ ಸುಮಾರು ಐದನೇ ಒಂದು ಪಾಲು ಉಗಿಯಾಗಿ ಸಿಡಿಯುತ್ತದೆ. ಹಾಗಾಗಿ ಹಳಿಯ ಬದಿಯಲ್ಲಿ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡೇ ತೆರೆಯಬೇಕು. ತೆರೆದಷ್ಟು ಹೊತ್ತೂ ನೀರಿನ ಮಟ್ಟ ತೋರಿಸುವ ಗಾಜಿನ ಮೇಲೆ ಕಣ್ಣಿರಬೇಕು: ನೀರು ಫೈರ್‌ಬಾಕ್ಸಿನ ನೆತ್ತಿಗಿಂತ ಕೆಳಗಿಳಿದರೆ ಬಾಯ್ಲರೇ ಸಿಡಿಯಬಹುದು.

ಗಟ್ಟಿಯಾಗಿ ಕೂತ ಪದರ ಈ ವಾಲ್ವಿಗೆ ಜಗ್ಗುವುದಿಲ್ಲ. ಅದಕ್ಕಾಗಿ ಶೆಡ್ಡಿನಲ್ಲಿ ಬೆಂಕಿ ತೆಗೆದು, ಬಾಯ್ಲರನ್ನು ತಣಿಯಲು ಬಿಟ್ಟು, ಪ್ಲಗ್ಗುಗಳನ್ನು ಬಿಚ್ಚಿ, ಸಲಾಕೆಯಿಂದ ಕೆರೆದು, ರಭಸದ ನೀರು ಹಾಯಿಸಿ ತೊಳೆಯುತ್ತಿದ್ದರು. ಮೈಮುರಿಯುವ ಕೆಲಸವದು.