ಮುಧೋಳ ನಾಯಿ ಅರಮನೆಯದ್ದಾ, ಮನೆಯದ್ದಾ?

ಹೋದ ವಾರ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ರು. "ಬ್ರೋ, ನಮ್ಮನೇಲಿ ಮುಧೋಳ ಹೆಣ್ಣುನಾಯಿ ಇದೆ. ಒಂದ್ಸಲ ಕ್ರಾಸ್ ಮಾಡಿಸಿ ಮರಿ ಮಾರಿದ್ರೆ ತಪ್ಪಾ?" ಹೌದು, ಇಲ್ಲ ಅಂತ ಒಂದೇ ಮಾತಲ್ಲಿ ಉತ್ತರ ಕೊಡಬಹುದಿತ್ತು. ಆದರೆ ಇದು ಹಿಸ್ಟರಿ ಪಾಡ್‌ಕಾಸ್ಟ್ ಅಲ್ವಾ, ಹಾಗಾಗಿ ನೀವು ಸ್ವಲ್ಪ ತಾಳ್ಮೆ ತಗೋಬೇಕು.

ನಮ್ಮ ಶಿವಮೊಗ್ಗದ ವಿನೋಬನಗರದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ. ಅದು ಬೀದರ್‌ನಲ್ಲಿರೋ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಅದೇ ವಿಶ್ವವಿದ್ಯಾಲಯದ್ದು ಇನ್ನೊಂದು ಕೇಂದ್ರ ಬಾಗಲಕೋಟೆ ಜಿಲ್ಲೆ ಮುಧೋಳದ ಹತ್ತಿರ, ತಿಮ್ಮಾಪುರದಲ್ಲಿದೆ. ಅಲ್ಲಿ ಮುಖ್ಯ ಕೆಲಸವೇ ಮುಧೋಳ ನಾಯಿ ತಳಿ ಉಳಿಸೋದು, ಮರಿ ಮಾಡಿಸೋದು, ಸಾಕುವವರಿಗೆ ಕೊಡೋದು. ಒಂದು ತಳಿಗೆ ಅಂತಲೇ ಸರ್ಕಾರ ಕೇಂದ್ರ ಕಟ್ಟಬೇಕಾಗಿ ಬಂತು ಅಂದ್ರೆ, ಅಲ್ಲಿವರೆಗೆ ಅದನ್ನ ಉಳಿಸಿದ್ದು ಯಾರು?

ಗೂಗಲ್ ಮಾಡಿದ್ರೆ ಸಿಗೋ ಉತ್ತರ: ರಾಜ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಅವರು ಬೇಡರ ಜೊತೆ ಬೇಟೆಗೆ ಹೋಗ್ತಿದ್ದ ನಾಯಿಗಳನ್ನ ನೋಡಿ ಮೆಚ್ಚಿ, ಅರಮನೆಯಲ್ಲಿ ಸಾಕಿ ತಳಿ ಬೆಳೆಸಿದ್ರಂತೆ. ಒಂದು ಜೋಡಿಯನ್ನ ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಉಡುಗೊರೆ ಕೊಟ್ರಂತೆ. ಆಮೇಲೆ 'ಮುಧೋಳ ಹೌಂಡ್' ಅನ್ನೋ ಹೆಸರು ನಿಂತಿತು. ಎಲ್ಲರೂ ಹೇಳೋ ಕಥೆ ಇದು. ರಾಜರ ಪಾತ್ರ ಸಣ್ಣದು ಅಂತ ನಾನೂ ಹೇಳಲ್ಲ. ಆದರೆ ಅದೇ ವಾಕ್ಯನ ಇನ್ನೊಂದ್ಸಲ ಕೇಳಿ. "ಬೇಡರ ಜೊತೆ ಹೋಗ್ತಿದ್ದ ನಾಯಿಗಳು." ಅಂದ್ರೆ ರಾಜರು ನೋಡೋಕೆ ಮುಂಚೆನೇ ನಾಯಿ ರೆಡಿ ಇತ್ತು! ಉದ್ದ ಕಾಲು, ಕಿರಿದಾದ ತಲೆ, ಒಳಗೆ ಸರಿದ ಹೊಟ್ಟೆ, ದೂರದ ಮೊಲನ ಕಣ್ಣಲ್ಲೇ ಹಿಡಿದು ಓಡೋ ವೇಗ. ಇದು ಒಂದು ದಿನದಲ್ಲಿ ಬರಲ್ಲ. ಯಾವ ಗಂಡಿಗೆ ಯಾವ ಹೆಣ್ಣು, ಯಾವ ಮರಿ ಉಳಿಸ್ಕೋಬೇಕು, ಯಾವುದನ್ನ ಪಕ್ಕದೂರಿನ ನೆಂಟರಿಗೆ ಕೊಡಬೇಕು, ಇದನ್ನೆಲ್ಲ ತಲೆಮಾರುಗಟ್ಟಲೆ ಯಾರೋ ಮನೆ ಅಂಗಳದಲ್ಲಿ ನಿಂತು ತೀರ್ಮಾನ ಮಾಡಿದ್ರು. ಅವರ ಹೆಸರು ಎಲ್ಲೂ ಇಲ್ಲ.

ಶಾಲೆಯಲ್ಲಿ ಹಲಗಲಿ ಬೇಡರ ಲಾವಣಿ ಓದಿದವರಿಗೆ ನೆನಪಿರಬಹುದು. ಹಲಗಲಿ ಇರೋದು ಇದೇ ಮುಧೋಳದ ಸೀಮೆಯಲ್ಲಿ. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣ ಕಾಯ್ದೆ ತಂದು ಆಯುಧ ಒಪ್ಪಿಸಿ ಅಂದಾಗ ಬೇಡರು ತಿರುಗಿಬಿದ್ರು. ಸೈನ್ಯ ಬಂದು ಊರನ್ನೇ ಸುಟ್ಟಿತು, ಹಲವರನ್ನ ಗಲ್ಲಿಗೇರಿಸಿದ್ರು. ಬೇಟೆಗಾರನಿಗೆ ಆಯುಧ ಹೋದ್ರೆ ಬದುಕೇ ಹೋದಂತೆ. ಅಂಥ ಜನರ ಕೈಯಲ್ಲಿದ್ದ ನಾಯಿಗೆ ವಂಶಾವಳಿ ಪುಸ್ತಕ ಎಲ್ಲಿಂದ ಬರಬೇಕು? ಅರಮನೆಗೆ ಗುಮಾಸ್ತರಿದ್ರು, ಪತ್ರ ಬರೆಯೋರಿದ್ರು. ಹಾಗಾಗಿ ನಾಯಿಯ ಚರಿತ್ರೆ ಅರಮನೆಯಿಂದ ಶುರುವಾದ ಹಾಗೆ ನಮಗೆ ಕಾಣುತ್ತೆ.

ನಮ್ಮಲ್ಲಿ ನಾಯಿ ಬಗ್ಗೆ ಬರವಣಿಗೆ ಇರಲೇ ಇಲ್ಲ ಅಂತಲ್ಲ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ನಾಯಿಗಳಿಗೇ ಒಂದು ಭಾಗ ಇದೆ. ಅದಕ್ಕೂ ಹಿಂದೆ, ಕ್ರಿ.ಶ. 949–50ರ ಆತಕೂರು ಶಾಸನ ನನಗೆ ತುಂಬಾ ಇಷ್ಟ. ರಾಷ್ಟ್ರಕೂಟರ ಮೂರನೇ ಕೃಷ್ಣ ಮತ್ತು ಗಂಗರ ಬೂತುಗ ಸೇರಿ ತಕ್ಕೋಲಂನಲ್ಲಿ ಚೋಳರನ್ನ ಸೋಲಿಸಿದ ಯುದ್ಧ ಗೊತ್ತಲ್ಲ? ಅದರಲ್ಲಿ ಪರಾಕ್ರಮ ತೋರಿದ ಮಣಲೇರ ಅನ್ನೋ ವೀರನಿಗೆ ಏನು ಬೇಕು ಕೇಳು ಅಂದ್ರೆ, ಅವನು ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ. ಕಾಳಿ ಅನ್ನೋ ನಾಯಿ ಕೇಳಿದ. ಆ ಕಾಳಿ ಹಂದಿ ಜೊತೆ ಹೋರಾಡಿ, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಅಂತ ಜಮೀನೂ ಬಿಟ್ರು. ನಾಯಿ, ಹಂದಿ ಕಾದಾಡೋ ಚಿತ್ರ ಇರೋ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ, ಕಸ್ತೂರಬಾ ರೋಡ್ ಕಡೆ ಹೋದ್ರೆ ನೋಡ್ಕೊಂಡು ಬನ್ನಿ. ಕಾಳಿಯ ಕೊನೆ ಹೇಗಾಯ್ತು ಅಂತ ಕಲ್ಲಲ್ಲಿದೆ. ಕಾಳಿ ಯಾರ ಮನೇಲಿ ಹುಟ್ಟಿತು ಅನ್ನೋದಿಲ್ಲ.

ಸರಿ, ಈ ಕಾಲಕ್ಕೆ ಬರೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಕಾನೂನುಬಾಹಿರ. ಅದು ಬರಲೇಬೇಕಿತ್ತು, ಆ ಮಾತು ಬೇರೆ. ಆದರೆ ಬೇಟೆನಾಯಿಗೆ ಕೆಲಸ ಹೋಯ್ತು. ಕೆಲಸ ಇದ್ದಾಗ ತಳಿಗೆ ಒಂದು ಪರೀಕ್ಷೆ ಇರ್ತಿತ್ತು: ಓಡದ ನಾಯಿಗೆ ಸಂತಾನ ಇಲ್ಲ. ಆ ಪರೀಕ್ಷೆ ಹೋದ ಮೇಲೆ ಉಳಿದದ್ದು ಮಾರ್ಕೆಟ್. 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಸ್ಟ್ಯಾಂಪ್ ತಂತು. ಆಮೇಲೆ ಸೇನೆಯವರು ಮರಿ ತಗೊಂಡು ಮೀರತ್‌ನಲ್ಲಿ ತರಬೇತಿ ಕೊಟ್ರು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ಮನ್ ಕಿ ಬಾತ್‌ನಲ್ಲಿ ಹೆಸರು ಹೇಳಿದ್ರು, ದೇಸಿ ನಾಯಿ ಸಾಕಿ ಅಂದ್ರು.

ಹೆಮ್ಮೆ ಆಗುತ್ತೆ, ನಿಜ. ನನಗೆ ಸ್ವಲ್ಪ ಭಯನೂ ಆಗುತ್ತೆ. ನಾವು ಸಣ್ಣವರಿದ್ದಾಗ ಹಚ್ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹೋಗ್ತಿದ್ದ ಪಗ್ ನೆನಪಿದೆಯಾ? ಎಲ್ಲರಿಗೂ ಅದೇ ನಾಯಿ ಬೇಕಾಯ್ತು. ಚಪ್ಪಟೆ ಮೂತಿಯಿಂದ ಉಸಿರಾಡೋಕೆ ಒದ್ದಾಡೋ ನಾಯಿ ನಮ್ಮ ಬೇಸಿಗೆಯಲ್ಲಿ ಏನು ಪಾಡು ಪಡುತ್ತೆ ಅಂತ ಯಾರೂ ಕೇಳಲಿಲ್ಲ. ಬೇಡಿಕೆ ಜೋರಾದಾಗ ಬೇಗ ಬೇಗ ಮರಿ ಬೇಕು. ಬೇಗ ಬೇಕು ಅಂದಾಗ ಹತ್ತಿರ ಸಿಗೋ ಗಂಡೇ ಸಾಕು ಅನ್ಸುತ್ತೆ. ಅದು ಎಷ್ಟೋ ಸಲ ಅಣ್ಣನೋ, ಅಪ್ಪನೋ ಆಗಿರುತ್ತೆ. ಸಂಖ್ಯೆ ಕಮ್ಮಿ ಇರೋ ತಳಿಯಲ್ಲಿ ರಕ್ತಸಂಬಂಧದಲ್ಲೇ ಮರಿ ಮಾಡಿಸ್ತಾ ಹೋದ್ರೆ ಅಡಗಿದ್ದ ದೋಷಗಳೆಲ್ಲ ಮೇಲೆ ಬರ್ತವೆ, ಮರಿಗಳು ಸಾಯ್ತವೆ. ಹಾಗಾಗಿ ತಳಿ ಹಾಳಾಗೋದು ಮನೆಯಲ್ಲೇ, ಉಳಿಯೋದೂ ಮನೆಯಲ್ಲೇ. ಒಂದು ಸರ್ಕಾರಿ ಕೇಂದ್ರ ಎಷ್ಟು ನಾಯಿ ಸಾಕೋಕಾಗುತ್ತೆ?

ಈಗ ವಾಯ್ಸ್ ನೋಟ್ ಕಳಿಸಿದವರಿಗೆ. ಒಂದ್ಸಲ ಮರಿ ಮಾಡಿಸೋದು ತಪ್ಪು ಅಂತ ನಾನು ಹೇಳಲ್ಲ. ಆದರೆ 2017ರಿಂದ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟಕ್ಕೆ ಕೇಂದ್ರ ಸರ್ಕಾರದ ನಿಯಮ ಇದೆ. ಮನೇಲಿ ಒಂದೇ ಹೆಣ್ಣುನಾಯಿ ಇದ್ರೂ, ಮಾರೋಕೆ ಅಂತ ಮರಿ ಮಾಡಿಸಿದ್ರೆ ನೀವೂ ಬ್ರೀಡರ್. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಬೇಕು. ನಾಯಿಗೆ 18 ತಿಂಗಳು ತುಂಬಿರಬೇಕು. ಅಂದ್ರೆ ಮೊದಲ ಸಲ ಹೀಟ್‌ಗೆ ಬಂದ ತಕ್ಷಣ ಕ್ರಾಸ್ ಮಾಡಿಸೋ ಹಾಗಿಲ್ಲ. ಎಂಟು ವಾರ ಆಗದೆ ಮರಿ ಕೊಡೋ ಹಾಗಿಲ್ಲ. ಆ ಎಂಟು ವಾರನೇ ಎಲ್ಲರೂ ಮೋಸ ಮಾಡೋ ಜಾಗ. ಮರಿ ಹಾಲು ಬಿಟ್ಟು ಊಟ ಶುರು ಮಾಡಿದ ಮೇಲೆ ಖರ್ಚು ಏರುತ್ತೆ, ಮನೆ ತುಂಬಾ ಗಲೀಜು ಮಾಡ್ತವೆ. ಅದಕ್ಕೇ ನಾಲ್ಕೈದು ವಾರಕ್ಕೇ ಸಾಗಹಾಕ್ತಾರೆ. ತಾಯಿ, ಒಡಹುಟ್ಟಿದವರ ಜೊತೆ ಕಚ್ಚಾಡ್ತಾ ಎಷ್ಟು ಜೋರಾಗಿ ಕಚ್ಚಬಾರದು ಅಂತ ಮರಿ ಕಲಿಯೋದು ಅದೇ ದಿನಗಳಲ್ಲಿ.

ಬಿ.ಕಾಂ. ಓದಿದವನಾಗಿ ಲೆಕ್ಕನೂ ಹೇಳಿಬಿಡ್ತೀನಿ. ಹೆಚ್ಚುಕಮ್ಮಿ 63 ದಿನ ಗರ್ಭ, ಆಮೇಲೆ ಎಂಟು ವಾರ. ಸುಮಾರು ನಾಲ್ಕು ತಿಂಗಳು ತಾಯಿಗೆ ಒಳ್ಳೆ ಊಟ, ಸ್ಕ್ಯಾನಿಂಗ್, ಮರಿಗಳಿಗೆ ಜಂತುಹುಳದ ಔಷಧಿ, ಪಾರ್ವೋ ಲಸಿಕೆ. ಗಂಡುನಾಯಿ ಓನರ್‌ಗೆ ಒಂದು ಮರಿ ಅಥವಾ ದುಡ್ಡು. ರಾತ್ರಿ ಎರಡು ಗಂಟೆಗೆ ಹೆರಿಗೆ ಕಷ್ಟ ಆದ್ರೆ ಸಿಸೇರಿಯನ್. ಆ ಒಂದು ಬಿಲ್ ಸಾಕು, ಲಾಭ ಎಲ್ಲ ತೊಳೆದುಹೋಗುತ್ತೆ. ಇದನ್ನೆಲ್ಲ ನೆಟ್ಟಗೆ ಮಾಡಿದವರಿಗೆ ಮನೆಯ ಒಂದೆರಡು ನಾಯಿಯಿಂದ ದೊಡ್ಡ ದುಡ್ಡು ಆಗಲ್ಲ. ದುಡ್ಡು ಆಗ್ತಿದೆ ಅಂದ್ರೆ ಇದರಲ್ಲಿ ಯಾವುದನ್ನೋ ಬಿಟ್ಟಿದ್ದಾರೆ ಅಂತಲೇ ನನ್ನ ಅನುಮಾನ.

ಇಷ್ಟಾದ ಮೇಲೂ ಮಾಡಿಸ್ತೀನಿ ಅಂದ್ರೆ, ಮೊದಲು ಒಂದು ನೋಟ್‌ಬುಕ್ ತಗೊಳ್ಳಿ. ಮೊಬೈಲಲ್ಲಿ ಎಕ್ಸೆಲ್ ಆದ್ರೂ ಸರಿ. ನಿಮ್ಮ ನಾಯಿಯ ಅಪ್ಪ, ಅಮ್ಮ, ಗೊತ್ತಿದ್ರೆ ಅಜ್ಜ, ಅಜ್ಜಿ. ಹುಟ್ಟಿದ ತಾರೀಖು, ಲಸಿಕೆ, ಬಂದ ಕಾಯಿಲೆ. ಮರಿ ಹುಟ್ಟಿದ ಮೇಲೆ ಯಾವುದು ಯಾವ ಮನೆಗೆ ಹೋಯ್ತು, ಅವರ ನಂಬರ್. ಅವರಿಗೆ ಸಾಕೋಕಾಗದೆ ಹೋದ್ರೆ ಬೀದಿಗೆ ಬಿಡದೆ ನಿಮಗೇ ವಾಪಸ್ ಕೊಡಬೇಕು ಅಂತ ಒಂದು ಸಾಲು ಬರೆಸಿ ಸೈನ್ ಹಾಕಿಸ್ಕೊಳ್ಳಿ. ಆಮೇಲೆ ಡಾಕ್ಟರ್ ಹತ್ರ ತೋರಿಸಿ. ಅವರು ಓಕೆ ಅಂದ ಮೇಲೆ ಗಂಡು ಹುಡುಕೋಕೆ ಹೊರಡಿ. ನಾಯಿ ಚೆನ್ನಾಗಿದೆಯಾ ಅಂತ ನೋಡೋದಕ್ಕೆ ಮುಂಚೆ, ಇದರ ಅಪ್ಪ ಯಾರು, ತಾಯಿ ಯಾರ ಮನೇದು ಅಂತ ಓನರ್‌ನ ಕೇಳಿ. ಗೊತ್ತಿಲ್ಲ ಅಂದ್ರೆ, ಟೀ ಕುಡಿದು ಥ್ಯಾಂಕ್ಸ್ ಹೇಳಿ ಬೇರೆ ಮನೆ ನೋಡಿ.